ಹಳೆಯ ವೈಜ್ಞಾನಿಕ ಕಾಲ್ಪನಿಕ ಟಿವಿ ಸರಣಿಯಲ್ಲಿ ಮುಖ ಅಗಲ, ತಲೆ ಕತ್ತರಿಸಿದಂತೆ, ಚಲನೆ ಅತಿ ನುಣುಪು: ಏನು ಮಾಡಬೇಕು?

ಇವು ಎರಡು ಬೇರೆ ತೊಂದರೆಗಳು: ಚಿತ್ರದ ಆಕಾರದ್ದು ಒಂದು, ಚಲನೆಯದು ಇನ್ನೊಂದು. ಮುಖ ಅಗಲವಾಗುವುದೂ ತಲೆ ಕತ್ತರಿಸುವುದೂ ಒಟ್ಟಿಗೇ ಇದ್ದರೆ ಬಹುಶಃ ಟಿವಿ ಚಿತ್ರವನ್ನು ಹಿಗ್ಗಿಸಿ ಮೇಲೆ-ಕೆಳಗೆ ಕತ್ತರಿಸುವ ‘ವೈಡ್ ಝೂಮ್’ ಥರದ ಮೋಡ್‌ನಲ್ಲಿದೆ. 1960ರ ದಶಕದ ಟಿವಿ ಸರಣಿಗಳ ಚೌಕಟ್ಟು (ಅಗಲ-ಎತ್ತರದ ಅನುಪಾತ) 4:3; ನಿಮ್ಮ ಪರದೆ 16:9.

ಮೊದಲು ಸಂಚಿಕೆ ಓಡುತ್ತಿರುವಾಗಲೇ ಪಿಕ್ಚರ್ ಸೈಜ್ ಮೆನು ತೆರೆದು 4:3 ಅಥವಾ ‘ಒರಿಜಿನಲ್’ ಆರಿಸಿ. (ಟಿವಿಯ ಮಾದರಿಗೆ ತಕ್ಕಂತೆ ಹೆಸರು ಸ್ವಲ್ಪ ಬೇರೆ ಇರಬಹುದು.) ಎರಡೂ ಬದಿಗೆ ಪರದೆಯ ಎಂಟನೇ ಒಂದರಷ್ಟು ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ. ಅದನ್ನು ತುಂಬಿಸಲು ಹೋಗಬೇಡಿ, ಹೋದರೆ ಚಿತ್ರವೇ ಹಾಳು. ಅನುಮಾನವಿದ್ದರೆ ಸರಣಿಯಲ್ಲಿ ಬಾಹ್ಯಾಕಾಶ ನೌಕೆಯ ನಿಯಂತ್ರಣ ಫಲಕದ ಗುಂಡು ಡಯಲ್ ನೇರವಾಗಿ ಕಾಣುವಲ್ಲಿ ನಿಲ್ಲಿಸಿ, ಸ್ಕೇಲ್ ಹಿಡಿದು ಅಳೆಯಿರಿ: ಅಗಲ, ಎತ್ತರ ಒಂದೇ ಇರಬೇಕು.

4:3 ಮಾಡಿದ ಮೇಲೆ ಜನ ತೆಳ್ಳಗಾದರೆ ಪ್ಲೇಯರ್ ಆಗಲೇ ಪಟ್ಟಿ ಸೇರಿಸಿ ಕಳಿಸುತ್ತಿದೆ. ಟಿವಿಯನ್ನು 16:9ಕ್ಕೇ ಇಡಿ. 16:9ರಲ್ಲೂ ತಲೆ ಕತ್ತರಿಸಿದ್ದರೆ ಚಿತ್ರದ ಅಂಚನ್ನು ಕತ್ತರಿಸುವ ಓವರ್‌ಸ್ಕ್ಯಾನ್ ಆಫ್ ಮಾಡಿ (ಎಲ್‌ಜಿಯಲ್ಲಿ ಇದಕ್ಕೆ ‘ಜಸ್ಟ್ ಸ್ಕ್ಯಾನ್’ ಆನ್ ಮಾಡಬೇಕು). ಆಗಲೂ ಸರಿಹೋಗದಿದ್ದರೆ ಪ್ರತಿಯಲ್ಲೇ ಕತ್ತರಿಸಿರಬಹುದು. ಅದಕ್ಕೆ ಮದ್ದಿಲ್ಲ, ಬೇರೆ ಪ್ರತಿ ಹುಡುಕಿ.

ಇನ್ನು ಚಲನೆಯ ಅತಿ ನುಣುಪಿಗೆ ಕಾರಣ, ಸೆಕೆಂಡಿಗೆ 24 ಫ್ರೇಮಿನ ಫಿಲ್ಮ್‌ಗೆ ಟಿವಿ ನಡುವೆ ತಾನೇ ಫ್ರೇಮ್ ಸೃಷ್ಟಿಸಿ ಸೇರಿಸುವುದು. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಆಫ್ ಮಾಡಿ. ಅನೇಕ ಟಿವಿಗಳಲ್ಲಿ ಈ ಸೆಟ್ಟಿಂಗ್ ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಬೇರೆ ಬೇರೆ, ಹಾಗಾಗಿ ನೀವು ಸರಣಿ ನೋಡುವ ಪೋರ್ಟ್‌ನಲ್ಲೇ ಬದಲಿಸಿ.