ಅಪ್ಪ ಸಾಕಿದ ನಾಯಿಗೆ ಸೊಂಟದ ಆಪರೇಷನ್ ಮಾಡಿಸಲೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು, ಹೈಸ್ಕೂಲ್ ಟೀಚರ್. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ಅವರು ಮರಿಯಿಂದ ಸಾಕಿದ ಲ್ಯಾಬ್ರಡಾರ್ ಬ್ರೂನೋಗೆ ಈಗ ಆರು ವರ್ಷ, ತೂಕ 46 ಕೆಜಿ. ಎಕ್ಸ್‌ರೇ ನೋಡಿದ ಡಾಕ್ಟರ್ ಎರಡೂ ಕಡೆ ಹಿಪ್ ಡಿಸ್ಪ್ಲೇಸಿಯಾ, ಅಂದರೆ ಸೊಂಟದ ಕೀಲಿನ ದೋಷ, ಇದೆ ಎಂದಿದ್ದಾರೆ. ನಮ್ಮ ಮನೆಯ ಕೆಂಪು ನೆಲದ ಮೇಲೆ ಏಳಲು ಹೋದರೆ ಅವನ ಹಿಂಗಾಲು ಎರಡೂ ಜಾರುತ್ತವೆ. ಅಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅವನ ಬಾಲದ ಬುಡ ಹಿಡಿದು ಎತ್ತುತ್ತಾರೆ. ಅಮ್ಮನಿಗೆ 67 ವರ್ಷ, ಅವರಿಗೇ ಮಂಡಿನೋವು. ಬೆಳಿಗ್ಗೆ ಕಾವಲಿಯಿಂದ ಇಳಿದ ಮೊದಲ ರೊಟ್ಟಿ, ಬೆಣ್ಣೆ ಹಚ್ಚಿ, ಹೊಸ್ತಿಲಲ್ಲಿ ಕಾಯುವ ಬ್ರೂನೋಗೆ. ಅದು ಅಪ್ಪ ಮಾಡಿದ ರೂಢಿ, ಅಮ್ಮ ಬಿಟ್ಟಿಲ್ಲ. ತುಂಬ ನೋವಿದ್ದ ದಿನ ಮಾತ್ರ ಮಾತ್ರೆ ಕೊಡುತ್ತೇವೆ. ಭಾನುವಾರ ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ. ಮೂರು ವಾರದಿಂದ ಎಡಗಾಲಿನ ಕುಂಟು ಜಾಸ್ತಿಯಾಗಿದೆ. ಬೆಂಗಳೂರಿನಲ್ಲಿರುವ ಅಣ್ಣ, 'ಎಷ್ಟು ಲಕ್ಷವಾದರೂ ಕೊಡ್ತೀನಿ, ಆಪರೇಷನ್ ಮಾಡಿಸೋಣ. ಅಪ್ಪನನ್ನಂತೂ ಬೇಗ ಆಸ್ಪತ್ರೆಗೆ ಸೇರಿಸಲಿಲ್ಲ' ಎನ್ನುತ್ತಾನೆ. ಅಮ್ಮ ಬೇಡವೇ ಬೇಡ ಎನ್ನುತ್ತಾರೆ. ಪಕ್ಕದ ಮನೆಯವರು 'ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡಿ' ಎನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಇಂಜೆಕ್ಷನ್ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಆರು ವರ್ಷದ ನಾಯಿ, ಹಸಿವು ಚೆನ್ನಾಗಿದೆ, ಬೆಳಿಗ್ಗೆ ರೊಟ್ಟಿಗೆ ಹೊಸ್ತಿಲಲ್ಲಿ ಕಾಯುತ್ತದೆ. ಆ ಪ್ರಶ್ನೆಯೇ ಈಗ ಇಲ್ಲ. ಯಾರಾದರೂ ಮತ್ತೆ ಕೇಳಿದರೆ 'ಡಾಕ್ಟರ್ ಟ್ರೀಟ್‌ಮೆಂಟ್ ನಡೆಯುತ್ತಿದೆ' ಎಂದು ಹೇಳಿ ಒಳಗೆ ಹೋಗಿ.

ಆಪರೇಷನ್ ವಿಷಯಕ್ಕೆ ಬರುತ್ತೇನೆ. ನನ್ನ ಅಭಿಪ್ರಾಯ ನೇರವಾಗಿ ಹೇಳಲೇ? ಈಗಲೇ ಬೇಡ. ಬೇಡವೇ ಬೇಡ ಎಂದಲ್ಲ. ಇನ್ನೂ ಮೂರು ತಿಂಗಳು ಬೇರೆ ಕೆಲಸ ಇದೆ, ಅದನ್ನು ಯಾರೂ ಸರಿಯಾಗಿ ಮಾಡಿ ನೋಡಿಲ್ಲ. ಅದನ್ನು ಮಾಡದೆ 46 ಕೆಜಿಯ ನಾಯಿಯನ್ನು ಟೇಬಲ್ ಮೇಲೆ ಮಲಗಿಸಿದರೆ ಅವನಿಗೂ ಕಷ್ಟ, ಅಮ್ಮನಿಗೂ ಕಷ್ಟ.

ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕೆಜಿ ಇರಬೇಕು. ಬ್ರೂನೋ ಕಡಿಮೆಯೆಂದರೂ ಹತ್ತು ಕೆಜಿ ಜಾಸ್ತಿ ಹೊತ್ತುಕೊಂಡು ಓಡಾಡುತ್ತಿದ್ದಾನೆ. ಸೊಂಟದ ಕೀಲು ಅಂದರೆ ಒಂದು ಬಟ್ಟಲು, ಅದರೊಳಗೆ ಒಂದು ಚೆಂಡು. ಈ ಕಾಯಿಲೆಯಲ್ಲಿ ಬಟ್ಟಲು ಆಳವಿರುವುದಿಲ್ಲ, ಚೆಂಡು ಸಡಿಲವಾಗಿ ಅಲ್ಲಾಡುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಕೀಲು ಸವೆಯುತ್ತದೆ, ಸಂಧಿವಾತ ಹಿಡಿಯುತ್ತದೆ. ಮೇಲಿನ ಭಾರ ಹೆಚ್ಚಿದಷ್ಟೂ ಉಜ್ಜುವುದೂ ಹೆಚ್ಚು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಡಹುಟ್ಟಿದ ಮರಿಗಳನ್ನೇ ಜೋಡಿ ಮಾಡಿ, ಒಂದಕ್ಕಿಂತ ಇನ್ನೊಂದಕ್ಕೆ ಕಾಲು ಭಾಗ ಕಡಿಮೆ ಊಟ ಕೊಟ್ಟರು. ಕಡಿಮೆ ತಿಂದವುಗಳಿಗೆ ಕೀಲಿನ ಸವೆತ ತಡವಾಗಿ ಬಂತು. ಅವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿಯೂ ಬದುಕಿದವು. ಈಗಾಗಲೇ ಕುಂಟುತ್ತಿರುವ ದಪ್ಪ ನಾಯಿಗಳಲ್ಲೂ, ತೂಕ ನೂರಕ್ಕೆ ಆರರಷ್ಟು ಇಳಿದಾಗಲೇ ಕುಂಟು ಕಡಿಮೆಯಾಗಿದ್ದನ್ನು ನೋಡಿದ್ದಾರೆ. ಬ್ರೂನೋ ಲೆಕ್ಕದಲ್ಲಿ ಅದು ಮೂರು ಕೆಜಿಗೂ ಕಡಿಮೆ. ವಾರಕ್ಕೆ ಅರ್ಧ ಕೆಜಿಯಂತೆ ಇಳಿಸಿದರೆ ಒಂದೂವರೆ ತಿಂಗಳ ಕೆಲಸ.

ಇಲ್ಲಿ ಅಮ್ಮನ ರೊಟ್ಟಿ ಬರುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಆ ಸಾಲು.

ದಯವಿಟ್ಟು ಅಮ್ಮನ ಹತ್ತಿರ 'ನೀವು ತಿನ್ನಿಸಿ ತಿನ್ನಿಸಿಯೇ ಹೀಗಾಯ್ತು' ಎಂದು ಹೇಳಬೇಡಿ. ಅದು ನಿಜವೂ ಅಲ್ಲ. ಈ ಕಾಯಿಲೆ ಮುಖ್ಯವಾಗಿ ತಂದೆತಾಯಿ ನಾಯಿಗಳಿಂದ ಬರುವಂಥದ್ದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗಳಲ್ಲಿ ಇದು ಸಾಮಾನ್ಯ. ತಿಂಡಿ ಅದನ್ನು ಹೆಚ್ಚು ಮಾಡುತ್ತದೆ, ಅಷ್ಟೇ. (ಮರಿ ಸಾಕುತ್ತಿರುವ ಓದುಗರಿಗೆ ಒಂದು ಮಾತು. ದೊಡ್ಡ ಜಾತಿಯ ಮರಿಗೆ 'ಮೂಳೆ ಗಟ್ಟಿಯಾಗಲಿ' ಎಂದು ಬಾಟಲಿಗಟ್ಟಲೆ ಕ್ಯಾಲ್ಸಿಯಂ ಸಿರಪ್ ಕುಡಿಸಬೇಡಿ. ಜಾಸ್ತಿ ಕ್ಯಾಲ್ಸಿಯಂ ಬೆಳೆಯುವ ಮೂಳೆಯನ್ನೇ ಕೆಡಿಸುತ್ತದೆ.)

ಅಪ್ಪ ಹೋದ ಮೇಲೆ ಆ ಮೊದಲ ರೊಟ್ಟಿ ಅಮ್ಮನಿಗೆ ಏನಾಗಿದೆ ಎಂದು ನಾನು ಹೇಳಬೇಕಿಲ್ಲ. ಅದನ್ನು ನಿಲ್ಲಿಸುವುದು ಬೇಡ, ಚಿಕ್ಕದು ಮಾಡಿಸಿ. ಬೆಣ್ಣೆ ಇಲ್ಲದ, ಎರಡು ಬೆರಳಗಲದ ರೊಟ್ಟಿ ಚೂರು. ಅದೇ ಹೊಸ್ತಿಲು, ಅದೇ ಹೊತ್ತು, ಅದೇ ಕೈ. ಇನ್ನೂ ಕೊಡಬೇಕು ಅನಿಸಿದರೆ ಸೌತೆಕಾಯಿ ಹೋಳು, ಬೇಯಿಸಿದ ಬೀನ್ಸ್, ಸಿಹಿಗುಂಬಳ. ಉಪ್ಪು, ಒಗ್ಗರಣೆ ಬೇಡ. ದಿನದ ಊಟ ಎಷ್ಟು ಎಂದು ಡಾಕ್ಟರ್ ಹತ್ತಿರ ಅಳತೆ ಬರೆಸಿಕೊಳ್ಳಿ. ಒಂದೇ ಪಾತ್ರೆಯಲ್ಲಿ ಅಳೆದು ಹಾಕಿ, ಅಂದಾಜಿನಲ್ಲಿ ಬೇಡ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಕಡಿಮೆಯಿದ್ದರೆ ಊಟ ಕಡಿಮೆ ಮಾಡಿದರೂ ತೂಕ ಇಳಿಯಲು ಸತಾಯಿಸುತ್ತದೆ. ಅಮ್ಮನಿಗೆ ಮಂಡಿನೋವು ಏನೆಂದು ಗೊತ್ತು. 'ನಿಮ್ಮ ಮಂಡಿಗೆ ಡಾಕ್ಟರ್ ತೂಕ ಇಳಿಸಿ ಅಂತಾರಲ್ಲ, ಇವನಿಗೂ ಅದೇ ಔಷಧಿ ಅಮ್ಮಾ' ಎಂದು ಹೇಳಿ ನೋಡಿ. ಅವರು ಖಂಡಿತ ಕೇಳುತ್ತಾರೆ.

ಇನ್ನೊಂದು ವಿಷಯ ನನಗೆ ಚಿಂತೆ ತಂದಿದೆ. ಎಡಗಾಲಿನ ಕುಂಟು ಮೂರೇ ವಾರದಲ್ಲಿ ಜಾಸ್ತಿಯಾಯಿತು ಎಂದಿದ್ದೀರಿ. ಸೊಂಟದ ಸವೆತ ಸಾಮಾನ್ಯವಾಗಿ ನಿಧಾನವಾಗಿ ಕಾಡುತ್ತದೆ. ಇದ್ದಕ್ಕಿದ್ದಂತೆ ಒಂದೇ ಕಾಲು ಕೆಟ್ಟರೆ ಹಿಂಗಾಲಿನ ಮಂಡಿಯ ಲಿಗಮೆಂಟ್ ಹರಿದಿರಬಹುದು. ದಪ್ಪ ಲ್ಯಾಬ್ರಡಾರ್‌ಗಳಲ್ಲಿ ಅದು ತುಂಬ ಕಾಣುತ್ತದೆ. ಎಕ್ಸ್‌ರೇಯಲ್ಲಿ ಸೊಂಟ ಕೆಟ್ಟದಾಗಿ ಕಾಣುತ್ತಿರುವಾಗ ಮಂಡಿಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಅವನು ಕೂತಾಗ ಎಡಗಾಲನ್ನು ಮಡಚದೆ ಪಕ್ಕಕ್ಕೆ ಚಾಚಿಕೊಳ್ಳುತ್ತಾನಾ, ಗಮನಿಸಿ. ನಿಮ್ಮ ಕಡೆ ಉಣ್ಣೆ ಕಾಟವೂ ಇದೆ ಅಲ್ವಾ? ಉಣ್ಣೆಯಿಂದ ಬರುವ ಜ್ವರದಲ್ಲೂ ಕೀಲು ನೋವು ಬರುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಡೆಯುವಾಗ ಉಗುರು ನೆಲಕ್ಕೆ ಗೀರುತ್ತಿದ್ದರೆ, ಪಾದ ಹಿಂದಕ್ಕೆ ಮಡಚಿಕೊಳ್ಳುತ್ತಿದ್ದರೆ ನರದ ತೊಂದರೆಯೂ ಇರಬಹುದು. ಇವೆಲ್ಲ ನೋಡದೆ ಸೊಂಟಕ್ಕೆ ಆಪರೇಷನ್ ಮಾಡಿಸಿ, ಆಮೇಲೂ ಕುಂಟುತ್ತಿದ್ದರೆ ನಿಮ್ಮ ಅಣ್ಣ ಅದನ್ನು ತಡೆದುಕೊಳ್ಳಲಾರರು. ಈ ವಾರವೇ ಎಡಗಾಲು ತೋರಿಸಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಎರಡನೇ ಅಭಿಪ್ರಾಯ ಬೇಕೆಂದರೆ ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೂ ಹೋಗಬಹುದು.

ಮಾತ್ರೆ ವಿಷಯ. ನೋವು ಏರಿದ ದಿನ ಮಾತ್ರ ಕೊಡುವುದು ಬೆಂಕಿ ಹತ್ತಿದ ಮೇಲೆ ಬಾವಿಗೆ ಹಗ್ಗ ಹುಡುಕಿದ ಹಾಗೆ. ಕೆಲವು ವಾರ ತಪ್ಪದೆ ಕೊಡಬಹುದೇ ಎಂದು ಡಾಕ್ಟರ್‌ನ ಕೇಳಿ. ಕಾರ್ಪ್ರೊಫೆನ್, ಮೆಲಾಕ್ಸಿಕಾಮ್ ಥರದ ಮಾತ್ರೆ ಶುರು ಮಾಡುವ ಮೊದಲು ಲಿವರ್, ಕಿಡ್ನಿ ಪರೀಕ್ಷೆ ಆಗಬೇಕು. ಊಟದ ಜೊತೆ ಕೊಡಬೇಕು, ಸ್ಟೆರಾಯ್ಡ್ ಜೊತೆಗಂತೂ ಕೊಡಲೇಬಾರದು. ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮನೆಯ ನಾಯಿಗೆ ಕಾಲು ನೋವು ಬಂದಾಗ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಮಾತ್ರೆ ತಂದು ಎರಡು ದಿನ ಕೊಟ್ಟೆವು. ಮೂರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಅದರ ಕಕ್ಕ ಡಾಂಬರಿನ ಹಾಗೆ ಕಪ್ಪಗಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಉಳಿದದ್ದು ನಮ್ಮ ಪುಣ್ಯ. ಡಾಕ್ಟರ್ ಕೊಟ್ಟ ಮಾತ್ರೆಯಲ್ಲೂ ಕಕ್ಕ ಕಪ್ಪಾದರೆ, ವಾಂತಿಯಾದರೆ, ಊಟ ಬಿಟ್ಟರೆ ಕೂಡಲೇ ನಿಲ್ಲಿಸಿ ಫೋನ್ ಮಾಡಿ.

ಭಾನುವಾರದ ತೋಟದ ಸುತ್ತಾಟ ಸದ್ಯಕ್ಕೆ ಬಿಡಿ. ವಾರವೆಲ್ಲ ಸುಮ್ನೆ ಮಲಗಿ ಒಂದೇ ದಿನ ಮೈಲಿಗಟ್ಟಲೆ ನಡೆದರೆ ಸೋಮವಾರ ಅವನು ಏಳುವುದಿಲ್ಲ. ಎಡಗಾಲು ತೋರಿಸಿದ ಮೇಲೆ, ಡಾಕ್ಟರ್ ಸರಿ ಎಂದರೆ, ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ, ಬೆಲ್ಟ್ ಹಾಕಿ, ಮಣ್ಣಿನ ದಾರಿಯಲ್ಲಿ. ಈಜು ಈ ಕೀಲಿಗೆ ಒಳ್ಳೆಯದು. ಆದರೆ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಇಳಿಸಲೇಬೇಡಿ, ಹತ್ತಿ ಬರಲು ಕಾಲಿಗೆ ಏನೂ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮೂರು ತಿಂಗಳ ನಂತರ ಅವನು ನೋವಿನಲ್ಲೇ ಇದ್ದರೆ, ಆಗ ಆಪರೇಷನ್ ಮಾತಾಡೋಣ. ಈ ವಯಸ್ಸಿಗೆ ಮುಖ್ಯವಾಗಿ ಎರಡು ಬಗೆ ಇವೆ. ಒಂದರಲ್ಲಿ ಚೆಂಡನ್ನೇ ಕತ್ತರಿಸಿ ತೆಗೆಯುತ್ತಾರೆ. ಮೂಳೆಗೆ ಮೂಳೆ ತಾಗುವುದು ನಿಲ್ಲುತ್ತದೆ, ಸುತ್ತಲಿನ ಮಾಂಸಖಂಡವೇ ಕೀಲಿನ ಹಾಗೆ ಹಿಡಿದುಕೊಳ್ಳುತ್ತದೆ. ಖರ್ಚು ಕಡಿಮೆ. ಚಿಕ್ಕ ನಾಯಿಗಳಲ್ಲಿ ಇದು ಚೆನ್ನಾಗಿ ಆಗುತ್ತದೆ. ಭಾರದ ನಾಯಿಗಳಲ್ಲಿ ಹಾಗೇ ಆಗುತ್ತದೆಂದು ಹೇಳಲಾಗದು, ತೊಡೆಯ ಮಾಂಸ ಗಟ್ಟಿಯಿರಬೇಕು, ಕೆಲವೇ ದಿನದಲ್ಲಿ ವ್ಯಾಯಾಮ ಶುರುವಾಗಬೇಕು. ಇನ್ನೊಂದು, ಇಡೀ ಕೀಲು ಬದಲಿಸುವುದು, ಮನುಷ್ಯರಿಗೆ ಮಾಡಿದ ಹಾಗೆ. ದೊಡ್ಡ ನಾಯಿಗೆ ಇದೇ ಉತ್ತಮ. ಎಷ್ಟೋ ನಾಯಿಗಳಿಗೆ ಒಂದು ಕಡೆ ಮಾಡಿದರೇ ಸಾಕಾಗುತ್ತದೆ. ಆದರೆ ಖರ್ಚು ಬಹಳ, ಮಾಡುವವರು ಕಡಿಮೆ. ಕೀಲು ಜಾರುವುದು, ಮೂಳೆ ಬಿರುಕು ಬಿಡುವುದು, ಇನ್ಫೆಕ್ಷನ್ ಆಗುವುದು, ಈ ಭಯಗಳೂ ಇವೆ. 'ಇಷ್ಟು ತೂಕದ ನಾಯಿಗೆ ನೀವು ಎಷ್ಟು ಮಾಡಿದ್ದೀರಿ? ಕೆಟ್ಟರೆ ಮುಂದೇನು?' ಎಂದು ಸರ್ಜನ್‌ನ ಕೇಳಲು ಸಂಕೋಚ ಬೇಡ. ಒಂದು ಸಲ ಚೆಂಡು ತೆಗೆದರೆ ಆಮೇಲೆ ಕೀಲು ಬದಲಿಸುವುದು ಸುಲಭವಲ್ಲ. ಹಾಗಾಗಿ ಅಗ್ಗದ್ದು ಮೊದಲು ಮಾಡಿ ನೋಡೋಣ ಎಂದು ಹೊರಡಬೇಡಿ.

ಕೀಲು ಬದಲಿಸಿದರೆ ಎರಡು ಮೂರು ತಿಂಗಳು ಅವನು ಓಡಬಾರದು, ಹಾರಬಾರದು, ಮೆಟ್ಟಿಲು ಹತ್ತಬಾರದು, ಜಾರಲೇಬಾರದು. ಪ್ರತಿ ಸಲ ಉಚ್ಚೆಗೂ ಬೆಲ್ಟ್ ಹಾಕಿ, ಹೊಟ್ಟೆಯ ಕೆಳಗೆ ಬಟ್ಟೆ ಕೊಟ್ಟು, ಎತ್ತಿ ಹಿಡಿದು ಕರೆದುಕೊಂಡು ಹೋಗಬೇಕು. ನೀವು ಶಾಲೆಯಲ್ಲಿರುವಾಗ ಅದನ್ನು ಮಾಡುವವರು ಯಾರು? ಅಮ್ಮ. ಅವರು ಬೇಡ ಎನ್ನುತ್ತಿರುವುದಕ್ಕೆ ಇದೂ ಕಾರಣವಿರಬಹುದು. ಹೇಳಿಕೊಳ್ಳಲು ಆಗುತ್ತಿಲ್ಲ, ಅಷ್ಟೇ.

ಅಣ್ಣನಿಗೆ ನೀವೇ ಫೋನ್ ಮಾಡಿ. ದುಡ್ಡಿನ ಮಾತು ಎತ್ತಬೇಡಿ. 'ಆಪರೇಷನ್ ಆದರೆ ಮೊದಲ ಮೂರು ವಾರ ನೀನು ಊರಿಗೆ ಬಂದು ಇರಬೇಕು, ಆಗುತ್ತಾ?' ಎಂದು ಕೇಳಿ. ಅಪ್ಪನ ವಿಷಯವನ್ನೂ ಮಾತಾಡಿ. ಬೇಗ ಆಸ್ಪತ್ರೆಗೆ ಸೇರಿಸಲಿಲ್ಲ ಎನ್ನುವ ನೋವನ್ನು ಅವರು ಒಂದೂವರೆ ವರ್ಷದಿಂದ ಒಬ್ಬರೇ ಹೊತ್ತಿದ್ದಾರೆ, ನೀವೂ ಹೊತ್ತಿರಬಹುದು. ಬ್ರೂನೋನ ಸೊಂಟಕ್ಕೆ ಎಷ್ಟು ಲಕ್ಷ ಹಾಕಿದರೂ ಅದು ಇಳಿಯುವುದಿಲ್ಲ. ಅದಕ್ಕೆ ನೀವಿಬ್ಬರೂ ಕೂತು ಅಳುವುದೊಂದೇ ದಾರಿ. ಫೋನಿನಲ್ಲಾದರೂ ಪರವಾಗಿಲ್ಲ.

ಇವತ್ತು ಸಂಜೆಯೇ ಮಾಡಬಹುದಾದ ಕೆಲಸ ಹೇಳುತ್ತೇನೆ. ಅವನು ಮಲಗುವ ಮೂಲೆಯಿಂದ ಅಡುಗೆಮನೆ ಹೊಸ್ತಿಲವರೆಗೆ, ಅಲ್ಲಿಂದ ಅಂಗಳದ ಬಾಗಿಲವರೆಗೆ ಜಾರದ ರಬ್ಬರ್ ಮ್ಯಾಟ್ ಹಾಸಿ. ಸದ್ಯಕ್ಕೆ ಜಮಖಾನೆ ಇದ್ದರೂ ಆದೀತು, ತುದಿ ಸರಿಯದಂತೆ ಟೇಪ್ ಅಂಟಿಸಿ. ಪಾದದಡಿಯ ಕೂದಲು ಕತ್ತರಿಸಿ, ಉಗುರು ಚಿಕ್ಕದು ಮಾಡಿಸಿ. ಅಮ್ಮ ಬಾಲದ ಬುಡ ಹಿಡಿದು ಎತ್ತುವುದನ್ನು ಮಾತ್ರ ಇವತ್ತಿಗೇ ನಿಲ್ಲಿಸಿ, ಅವನಿಗೂ ನೋವು, ಅವರ ಬೆನ್ನಿಗೂ ಪೆಟ್ಟು. ಹಳೆಯ ಹತ್ತಿ ಸೀರೆಯನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಹಿಂಗಾಲಿನ ಮುಂದೆ ಹೊಟ್ಟೆಯ ಕೆಳಗೆ ತೂರಿಸಿ, ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ತುದಿ ಉದ್ದ ಬಿಟ್ಟರೆ ಅಮ್ಮ ಬಗ್ಗಬೇಕಿಲ್ಲ, ನೆಟ್ಟಗೆ ನಿಂತೇ ಅವನನ್ನು ಎಬ್ಬಿಸಬಹುದು.