ಬಲಿ ಕೊಡುವುದು, ಬಲಿಯಾಗುವುದು

ಶಂಕರಪುರದ ಓದುಗರೊಬ್ಬರು ಕೇಳಿದ್ದಾರೆ: "ದೇವರು ಕರುಣಾಮಯಿ ಎಂದಮೇಲೆ ನಮ್ಮನ್ನು ಕ್ಷಮಿಸಲು ಮಗನ ರಕ್ತವೇ ಯಾಕೆ ಬೇಕಿತ್ತು? ಹರಕೆಯ ಕೋಳಿಗೂ ಶಿಲುಬೆಗೂ ಏನು ವ್ಯತ್ಯಾಸ? ಪ್ರತಿವರ್ಷ ಕಾರ್ಕಳದ ಅತ್ತೂರು ಚರ್ಚಿಗೆ ಹೋಗಿ ಮೊಂಬತ್ತಿ ಹಚ್ಚುತ್ತೇನೆ, ಇದೊಂದು ಮಾತ್ರ ತಲೆಗೆ ಹತ್ತಿಲ್ಲ."

ಒಳ್ಳೆ ಪ್ರಶ್ನೆ ಮಾರಾಯ್ರೆ. ಎಷ್ಟೋ ಜನ ಕೇಳಲು ಹೆದರುವ ಪ್ರಶ್ನೆ.

ಸಾಲ ತೀರಿಸುವ ಲೆಕ್ಕವೊಂದು ಕ್ರೈಸ್ತರಲ್ಲಿ ಇದೆ, ಇಲ್ಲವೆನ್ನುವುದಿಲ್ಲ. 1098ರ ಹೊತ್ತಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್ ಅದನ್ನು ತರ್ಕಬದ್ಧವಾಗಿ ಬರೆದಿಟ್ಟರು: ಪಾಪಮಾಡಿ ಮನುಷ್ಯ ದೇವರ ಗೌರವಕ್ಕೆ ಕುಂದು ತಂದ, ತುಂಬಿಕೊಡಲು ಅವನ ಕೈಲಾಗದು, ಹಾಗಾಗಿ ದೇವರೇ ಮನುಷ್ಯನಾಗಿ ತುಂಬಿಕೊಟ್ಟ. ದೊಡ್ಡ ಬುದ್ಧಿಯ ಕೆಲಸ, ಗೌರವಿಸುತ್ತೇನೆ. ಆದರೆ ಅದು ಜನರ ಬಾಯಿಗೆ ಬರುವಷ್ಟರಲ್ಲಿ ದೇವರು ವಸೂಲಿಗೆ ಕೂತ ಸಾಹುಕಾರನಾಗಿಬಿಟ್ಟ. ನಿಮ್ಮನ್ನು ಕಾಡಿದ್ದು ಈ ಸಾಹುಕಾರ.

ನಮ್ಮ ಕನ್ನಡವನ್ನೇ ಕೇಳಿ ನೋಡಿ. ಬಲಿ ಕೊಡುವುದು ಬೇರೆ, ಬಲಿಯಾಗುವುದು ಬೇರೆ. ಕೋಳಿಯ ಒಪ್ಪಿಗೆ ಯಾರೂ ಕೇಳುವುದಿಲ್ಲ. ಯೇಸು ಹೇಳಿದ್ದೇನು? ಪ್ರಾಣವನ್ನು ನನ್ನಿಂದ ಯಾರೂ ಕಸಿದುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 10ನೇ ಅಧ್ಯಾಯ. ಅದೇ ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದಲ್ಲಿ ಯಾಜಕರೂ ಯೇಸುವೇ, ಬಲಿಯೂ ಅವರೇ, ಅದೂ ಒಂದೇ ಸಲ. ಯಜ್ಞ ಬೇಡ, ಕರುಣೆ ಬೇಕು ಎಂಬ ಹೋಶೇಯ ಪ್ರವಾದಿಯ ಮಾತನ್ನು ಮತ್ತಾಯನ ಸುವಾರ್ತೆಯಲ್ಲಿ ಅವರು ಎರಡು ಸಲ ನೆನಪಿಸುತ್ತಾರೆ. ಇಂಥ ದೇವರು ರಕ್ತಕ್ಕೆ ಕಾದು ಕೂತಿದ್ದ ಎನ್ನಲು ನನಗೆ ಬಾಯಿ ಬಾರದು. ಮುನಿದು ಮನೆಬಿಟ್ಟ ಮಗನಿಗಾಗಿ ತಂದೆಯೇ ಬೀದಿಗಿಳಿದು ಓಡಿದ ಹಾಗೆ, ರಕ್ಷಣೆ ಎಂದರೆ ನಾನು ತಿಳಿದದ್ದು ಇಷ್ಟು.

ಕಲ್ಯಾಣಪುರದಲ್ಲಿ ನಮ್ಮ ನೆರೆಮನೆಯ ಬಾಯಮ್ಮ ಈಸ್ಟರಿಗೆ ಮುಂಚಿನ ವ್ರತದ ದಿನಗಳಾದ ತಪಸ್ಸುಕಾಲದುದ್ದಕ್ಕೂ ಮೀನು ಮುಟ್ಟುತ್ತಿರಲಿಲ್ಲ. ಬಂಗುಡೆ ಕೊಳ್ಳುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಪುಳಿಮುಂಚಿ ಮಾಡಿ, ಬಟ್ಟಲಿಗೆ ಬಾಳೆಲೆಯ ತುಂಡು ಮುಚ್ಚಿ, ಸೆರಗಿನಲ್ಲಿ ಹಿಡಿದು ಬೇಲಿ ದಾಟಿಸುತ್ತಿದ್ದರು. "ನಿಮಗೆ?" ಎಂದರೆ "ನನಗೆ ಗಂಜಿ ಉಂಟಲ್ಲ ಮಗಾ." ಆ ಪರಿಮಳ ತುಂಬಿದ ಅಡುಗೆಮನೆಯಲ್ಲಿ ಕೂತು ಗಂಜಿ ಉಣ್ಣುವುದು ಎಂಥದೆಂದು ಕರಾವಳಿಯವರಿಗೆ ಹೇಳಬೇಕಿಲ್ಲ.

ಇನ್ನು ನಿಮ್ಮ ಮೇಲೊಂದು ತಕರಾರು. ಅತ್ತೂರಿಗೆ ಹೋಗುತ್ತೀರಿ, ಆ ಚರ್ಚು ಯಾರ ಹೆಸರಿನದೋ ಆ ಸಂತ ಲಾರೆನ್ಸರ ಕತೆ ಕೇಳಿಲ್ಲವೇ? 258ರಲ್ಲಿ ರೋಮಿನಲ್ಲಿ ಪ್ರಾಣಕೊಟ್ಟವರು. ಚರ್ಚಿನ ಸಂಪತ್ತು ಒಪ್ಪಿಸೆಂದು ಅಧಿಕಾರಿ ಗದರಿದಾಗ ಊರಿನ ಬಡವರನ್ನೆಲ್ಲ ಕರೆತಂದು ಇವರೇ ಸಂಪತ್ತು ಎಂದರಂತೆ.

ನನ್ನ ಸಿಟ್ಟಿರುವುದು ಬೇರೆ ಕಡೆ. ಇನ್ನೊಬ್ಬರನ್ನು ಬಲಿಕೊಟ್ಟು ಅದಕ್ಕೆ ತ್ಯಾಗವೆಂದು ಹೆಸರಿಡುವ ಚಾಳಿ ನಮ್ಮಲ್ಲಿ ಎಲ್ಲ ಮತದವರಿಗೂ ಇದೆ. ನರ್ಸಾಗಿ ಗಲ್ಫಿಗೆ ಹೋದ ಅಕ್ಕನ ಸಂಬಳದಲ್ಲಿ ತಮ್ಮಂದಿರ ಫೀಸು, ತಂಗಿಯ ಮದುವೆ, ಮನೆಗೆ ತಾರಸಿ. ಅವಳ ಮದುವೆಯ ಮಾತು ಮುಂದಿನ ರಜೆಗೆ, ಮತ್ತೆ ಅದರ ಮುಂದಿನ ರಜೆಗೆ. ಅಂಥ ಒಬ್ಬರನ್ನು ನಾನು ಬಲ್ಲೆ. ಊರಿಗೆ ಮರಳಿದ ವರ್ಷ ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ತ್ಯಾಗಮಯಿ ಎಂದರು. ಮೈಕು ಅವಳ ಕೈಗೆ ಬರಲೇ ಇಲ್ಲ.