ಎ.ಎ. ಮೀಟಿಂಗಿಗೆ ಹೋದ್ರ ಮಂದಿಗೆ ಗೊತ್ತಾಗ್ತೈತೇನ್ರಿ?

ಪ್ರಶ್ನೆ: ನಾ ಬಾಗಲಕೋಟಿ ನವನಗರದಾಂವ, ಸರ್ಕಾರಿ ಆಫೀಸಿನ್ಯಾಗ ಕೆಲ್ಸ, ವಯಸ್ಸು 43. ಮೊದ್ಲ ಶನಿವಾರಕ್ಕೊಮ್ಮೆ ದೋಸ್ತರ ಜೋಡಿ ಕುಡೀತಿದ್ದೆ, ಈಗ ದಿನಾ ರಾತ್ರಿ ಬೇಕ ಬೇಕು. ಯುಗಾದಿಗೆ ಬಿಡ್ತೀನಿ ಅಂತ ದೇವ್ರ ಮುಂದ ಆಣಿ ಮಾಡಿದ್ದೆ, ಆಗ್ಲಿಲ್ಲ. ಡಾಕ್ಟರ್ ಒಬ್ರು ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿಯೂದು ಬಿಡಾಕ ಒಬ್ರಿಗೊಬ್ರು ಆಸರ ಆಗಾವ್ರ ಗುಂಪು) ಮೀಟಿಂಗಿಗೆ ಹೋಗ್ರಿ ಅಂದ್ರು. ಅದನ್ನ ಎಲ್ಲಿ ಹುಡುಕೂದು, ಹೆಸ್ರು ಅಡ್ರೆಸ್ ಬರಸ್ಕೋತಾರೇನು, ಎಲ್ಲಾರ ಮುಂದ ಮಾತಾಡ್ಬೇಕೇನು? ಗುರ್ತಿನವ್ರು ಯಾರರೆ ಸಿಕ್ರ ಮಾನ ಹೋಗ್ತೈತಿ. ಮುಂಜಾನೆದ್ದ ಕೂಡ್ಲೆ ಸ್ವಲ್ಪ ಕೈ ನಡಗ್ತಾವು, ಅದೊಂದ ಬಿಟ್ರ ಆರಾಮ ಅದೀನಿ.

ಉತ್ತರ: ಅಣ್ಣಾರ, ಕೈ ನಡಗೂದನ್ನ ನೀವು ಕಡೀಕ ಒಂದ ಸಾಲಿನ್ಯಾಗ ಬರ್ದು ಬಿಟ್ಟೀರಿ, ನಾ ಅಲ್ಲಿಂದನ ಶುರು ಮಾಡ್ತೀನಿ. ದಿನಾ ಕುಡ್ಯಾವ್ರು ಒಮ್ಮೆಲೆ ಬಿಟ್ರ ನಡುಕ, ಬೆವರು, ನಿದ್ದಿ ಇಲ್ದಂಗ ಆಗೂದು ಇರ್ತೈತಿ, ಕೆಲವ್ರಿಗೆ ಎರಡ ದಿನದೊಳಗ ಫಿಟ್ಸ್ ಬರ್ತಾವು, ಇನ್ನ ಕೆಲವ್ರಿಗೆ ಎರಡ್ಮೂರು ದಿನಕ್ಕ ಇಲ್ಲದ್ದೆಲ್ಲಾ ಕಣ್ಣಿಗೆ ಕಾಣಾಕ ಹತ್ತಿ ಬಡಬಡಸ್ತಾರ, ಜೀವಕ್ಕ ಕುತ್ತು ಬರೂದೂ ಐತಿ. ಅದಕ್ಕ ಹಟಾ ಹಿಡದು ನಾಳಿಂದನ ಬಂದ್ ಅಂತ ಒಬ್ರ ಮನ್ಯಾಗ ಕುಂದರಬ್ಯಾಡ್ರಿ. ಮೊದ್ಲ ಜಿಲ್ಲಾ ಆಸ್ಪತ್ರಿ ಮಾನಸಿಕ ರೋಗದ ಡಾಕ್ಟರ್‌ಗೆ ತೋರಸ್ರಿ, ದಿನಾ ಎಷ್ಟು ಕುಡೀತೀರಿ, ಕಡೀಕ ಕುಡದಿದ್ದು ಯಾವಾಗ ಅನ್ನೂದನ್ನ ಇದ್ದದ್ದ ಇದ್ದಂಗ ಹೇಳ್ರಿ, ಕಡಿಮಿ ಮಾಡಿ ಹೇಳಿದ್ರ ಗುಳಗಿ ಲೆಕ್ಕ ತಪ್ತೈತಿ. ಅಡ್ಮಿಟ್ ಆಗ್ರಿ ಅಂದ್ರ ಆಗ್ರಿ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರಿ ಐತಿ, ಅದೂ ದೂರಿಲ್ಲ. ಮೀಟಿಂಗಿನ್ಯಾಗ ಔಷಧ ಕೊಡೂದಿಲ್ಲ, ನಿಮಗ ಎರಡೂ ಬೇಕು.

ಇನ್ನ ಮಾನದ ಮಾತು. ಖರೇ ಹೇಳ್ಬೇಕಂದ್ರ ವೈನ್ ಶಾಪ್ ಮುಂದ ನೀವು ನಿಂತದ್ದನ್ನ ಮಂದಿ ನೋಡೇ ನೋಡಿರ್ತಾರ, ಮನಿಯವ್ರು ನುಂಗ್ಕೊಂಡ ಸುಮ್ನಿದ್ದಾರ. ಮೀಟಿಂಗಿನ್ಯಾಗ ನಿಮ್ಮ ಆಫೀಸಿನಾಂವ ಒಬ್ಬ ಕಂಡ ಅಂತ ಇಟ್ಕೋರಿ, ಅಂವ ಅಲ್ಲಿ ಯಾಕ ಬಂದಾನು? ನಿಮ್ಮಂಗ ಅವಂಗೂ ಬಿಡಬೇಕಾಗೇತಿ. ಅಲ್ಲಿ ಕೇಳಿದ್ದು ಅಲ್ಲೇ ಬಿಡಬೇಕು ಅನ್ನೂದು ಎಲ್ಲಾರೂ ಪಾಲಿಸೋ ನಿಯಮ, ಯಾಕಂದ್ರ ಅದು ಮುರದ್ರ ಎಲ್ಲಾರ ಮಾನಾನೂ ಹೋಗ್ತೈತಿ. ಅಡ್ರೆಸ್ ಕೇಳೂದಿಲ್ಲ, ಅಡ್ಡಹೆಸ್ರು ಬ್ಯಾಡ, ಬರೇ ಹೆಸ್ರು ಸಾಕು.

ಹುಡುಕೂದು ಹೆಂಗಂದ್ರ, ಎ.ಎ. ಇಂಡಿಯಾದ ವೆಬ್‌ಸೈಟಿನ್ಯಾಗ ಊರು ಹಾಕಿದ್ರ ಮೀಟಿಂಗಿನ ಪಟ್ಟಿ, ಫೋನ್ ನಂಬರ್ ಸಿಗ್ತಾವು. ಬಾಗಲಕೋಟ್ಯಾಗ ಹೋಗಾಕ ಮುಜುಗರ ಅನಿಸಿದ್ರ ವಿಜಯಪುರ, ಬೆಳಗಾವಿ ನೋಡ್ರಿ, ಫೋನಿನ್ಯಾಗ ಕೂಡೋ ಆನ್‌ಲೈನ್ ಮೀಟಿಂಗೂ ಇರ್ತಾವು. ಹೋಗೂಕಿಂತ ಮೊದ್ಲ ಫೋನ್ ಹಚ್ಚಿ ಮೂರ ಮಾತು ಕೇಳ್ರಿ: ಈ ವಾರ ಖರೇನ ನಡೀತೈತೇನು, ಕನ್ನಡದಾಗ ಮಾತಾಡ್ತಾರೇನು, ಓಪನ್ನೋ ಕ್ಲೋಸ್ಡೋ. ಓಪನ್ ಇದ್ರ ಹೆಂಡ್ತೀನ್ನ, ತಮ್ಮನ್ನ ಕರ್ಕೊಂಡು ಹೋಗಬಹುದು, ಕ್ಲೋಸ್ಡ್ ಅಂದ್ರ ಕುಡಿಯೋ ಚಟ ಬಿಡಬೇಕನ್ನಾವ್ರಿಗೆ ಅಷ್ಟ. ಫೋನ್ ಎತ್ತಾಂವನೂ ಒಂದ ಕಾಲಕ್ಕ ಕುಡೀತಿದ್ದಾಂವನ ಇರ್ತಾನ, ಹೆದರಬ್ಯಾಡ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ನಂಬರಿಗೂ ಹಚ್ಚಬಹುದು, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಒಳಗ ಏನ್ ನಡೀತೈತಿ ಅಂತ ಹೇಳ್ತೀನಿ. ಸಾಲೀದೋ ಚರ್ಚಿಂದೋ ಒಂದ ಕೋಣಿ, ಕುರ್ಚಿ ಹಾಕಿರ್ತಾರ, ಭಾಳಷ್ಟು ಕಡೆ ಚಹಾ ಇರ್ತೈತಿ. ತಾಸು, ಒಂದೂವರೆ ತಾಸಿನ್ಯಾಗ ಮುಗೀತೈತಿ. ಒಬ್ಬಾಂವ ತನ್ನ ಹೆಸ್ರು ಹೇಳಿ ನಾನು ಆಲ್ಕೋಹಾಲಿಕ್ ಅಂತಾನ, ಪಗಾರ ಹೆಂಗ ಹೋತು, ಮಗಳ ಮುಂದ ಹೆಂಗ ಬಿದ್ದಿದ್ದೆ, ಈಗ ಕುಡೀದ ಹೆಂಗ ದಿನಾ ಕಳ್ಯಾಕತ್ತೀನಿ ಅಂತ ಹೇಳ್ತಾನ, ನಡುವ ಯಾರೂ ಬಾಯಿ ಹಾಕೂದಿಲ್ಲ, ಬುದ್ಧಿ ಹೇಳೂದಿಲ್ಲ. ನಿಮ್ಮ ಪಾಳಿ ಬಂದಾಗ 'ಇವತ್ತ ಬರೇ ಕೇಳ್ತೀನ್ರಿ' ಅಂದ್ರ ಮುಗೀತು. ನಡುವ ಒಂದ ಚೀಲ ತಿರಗತೈತಿ, ಕೋಣಿ ಬಾಡಗಿ, ಚಹಾ ಅದರಾಗ ನಡೀತಾವು, ಹೊಸಬ್ರು ಹಾಕಬೇಕಂತ ಇಲ್ಲ, ಫೀ ಇಲ್ಲ. ದೇವ್ರ ಹೆಸ್ರು ಬರ್ತೈತಿ, ಪ್ರಾರ್ಥನಾ ಇರ್ತೈತಿ, ಆದ್ರ ಯಾವ ಧರ್ಮಕ್ಕೂ ಸೇರಿದ್ದಲ್ಲ, ಚರ್ಚಿನ ಕೋಣಿ ಬಾಡಗಿದಷ್ಟ, ನಿಮ್ಮ ಮನೀ ದೇವ್ರನ್ನ ನೆನಸ್ರಿ. ಅವತ್ತ ಕುಡದಿದ್ರೂ ಹೋಗ್ರಿ, ಗದ್ದಲ ಮಾಡ್ದ ಹಿಂದ ಕುಂತು ಕೇಳ್ರಿ. ಬಿಡಬೇಕನ್ನೋ ಮನಸ್ಸಿದ್ರ ಸಾಕು, ಬಿಟ್ಟ ಮ್ಯಾಲ ಬಾ ಅಂತ ಯಾರೂ ಅನ್ನೂದಿಲ್ಲ.

ಆಣಿ ಮುರೀತು ಅಂತ ಕೊರಗ್ಬ್ಯಾಡ್ರಿ. ನಮ್ಮ ಜಿಲ್ಲಾದ ಇಳಕಲ್ಲ ಮಠದ ಮಹಾಂತ ಅಪ್ಪಗಳು ಜೋಳಗಿ ಹಿಡದು ಊರೂರು ತಿರಗಿ ಮಂದಿ ಚಟಾ ಬೇಡಿ ಇಸ್ಕೊಂಡ್ರು, ಅವ್ರು ಹುಟ್ಟಿದ ಆಗಸ್ಟ್ 1 ನ್ನ ಈಗ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸ್ತೈತಿ, ಹಂಗ ಜೋಳಗಿಗೆ ಚಟಾ ಹಾಕಿ ಬಿಟ್ಟಾವ್ರು ಭಾಳ ಮಂದಿ ಅದಾರ. ನಿಮ್ಮ ಆಣಿಯಾಗ ಖೊಟ್ಟಿ ಏನೂ ಇರ್ಲಿಲ್ಲ, ಮರುದಿನ ಸಂಜಿ ಏಳಕ್ಕ ಬಾಯಿ ಒಣಗಿದಾಗ ಯಾರ ಹತ್ರ ಕುಂದರಬೇಕು ಅನ್ನೂದು ಇರ್ಲಿಲ್ಲ. 1935ರಾಗ ಅಮೆರಿಕಾದ ಆಕ್ರನ್ ಊರಾಗ ಬಿಲ್ ಅನ್ನಾಂವ, ಡಾಕ್ಟರ್ ಬಾಬ್ ಅನ್ನಾಂವ, ಇಬ್ರೂ ಕುಡುಕ್ರು, ಒಬ್ರಿಗೊಬ್ರು ಮಾತಾಡ್ಕೋತ ಕುಂತು ಕುಡೀದ ಉಳಿದಿದ್ದರಿಂದನ ಈ ಎ.ಎ. ಶುರು ಆತು. ಅದಕ್ಕ ಮೊದ್ಲನೇ ದಿನ ವಾಪಸ್ ಬರೂಕಿಂತ ಮೊದ್ಲ ಇಬ್ರು ಮೂವರ ಫೋನ್ ನಂಬರ್ ಇಸ್ಕೋರಿ, ಕುಡಿಬೇಕನಿಸಿದಾಗ ಅಂಗಡಿಗೆ ಹೋಗೂದ ಬಿಟ್ಟು ಅವ್ರಿಗೆ ಹಚ್ರಿ. ಒಂದ ಸಲ ಹೋಗಿ ಮನಸ್ಸಿಗೆ ಬರ್ಲಿಲ್ಲಂದ್ರ ಇನ್ನೊಂದ ಗುಂಪಿಗೆ ಹೋಗಿ ನೋಡ್ರಿ, ಗುಂಪಿಂದ ಗುಂಪಿಗೆ ಭಾಳ ಫರಕ ಇರ್ತೈತಿ. ಧರ್ಮಸ್ಥಳ ಸಂಘದವ್ರ ಮದ್ಯವರ್ಜನ ಶಿಬಿರದಾಗ ಬಿಟ್ಟಾವ್ರು ಸೇರಿ ನಡಸೋ ನವಜೀವನ ಸಮಿತಿ ಅಂತನೂ ಅದಾವು, ಹಳ್ಳಿ ಕಡೆ ಇರಾವ್ರಿಗೆ ಅದು ಹತ್ರ ಬೀಳ್ತೈತಿ.

ನಿಮ್ಮ ಮನಿಯವ್ರಿಗೂ ಒಂದ ಮಾತು ಹೇಳ್ರಿ. ಅವ್ರ ಸಲುವಾಗಿ ಅಲ್-ಅನಾನ್ ಅಂತ ಬ್ಯಾರೇನ ಮೀಟಿಂಗ್ ಇರ್ತಾವು, ನೀವು ಬಿಟ್ರೂ ಬಿಡದಿದ್ರೂ ಅವ್ರು ಹೋಗಬಹುದು.